ಈ ಬೆಟ್ಟಕ್ಕೆ ಬೀಜದುಂಡೆ ಬೇಡ

ಬೀಜದುಂಡೆ ಎಸೆಯುವವರ ವಿರುದ್ಧ ಬರೆಯುವುದು ಸುಲಭವಲ್ಲ. ಅವರು ಒಳ್ಳೆಯವರು. ಭಾನುವಾರ ಮಧ್ಯಾಹ್ನದವರೆಗೆ ಮಲಗಬಹುದಾಗಿದ್ದ ಹುಡುಗ ಹುಡುಗಿಯರು ಕೆಮ್ಮಣ್ಣು, ಸಗಣಿ ಕಲಸಿ, ಒಳಗೊಂದು ಬೀಜ ಇಟ್ಟು ಉಂಡೆ ಕಟ್ಟುತ್ತಾರೆ. ನೆರಳಲ್ಲಿ ಒಣಗಿಸಿ ಬೆಟ್ಟಕ್ಕೆ ಹೊತ್ತುಕೊಂಡು ಹೋಗುತ್ತಾರೆ. ಅವರನ್ನು ತಡೆದು "ಇಲ್ಲಿ ಎಸೆಯಬೇಡಿ" ಅಂದರೆ ನಮ್ಮ ಮುಖವನ್ನೇ ಅನುಮಾನದಿಂದ ನೋಡುತ್ತಾರೆ. ಮರ ಬೇಡ ಅನ್ನುವವರು ಎಸ್ಟೇಟಿನವರೋ ರೆಸಾರ್ಟಿನವರೋ ಆಗಿರಬೇಕು ಎಂಬುದು ಅವರ ಲೆಕ್ಕ. ನಾನು ಎರಡೂ ಅಲ್ಲ, ಕನ್ನಡ ಎಂ.ಎ. ಮುಗಿಸಿ ಪಿಎಚ್.ಡಿ. ಮಾಡುತ್ತಿರುವವಳು. ಆದರೂ ಹೇಳುತ್ತೇನೆ: ಕುದುರೆಮುಖ, ಬಾಬಾಬುಡನ್‌ಗಿರಿಯಂಥ ಎತ್ತರದ ಹುಲ್ಲುಬೆಟ್ಟಗಳ ಮೇಲೆ ಮರ ಎಬ್ಬಿಸುವ ಈ ಉತ್ಸಾಹ ಅಲ್ಲಿ ಬದುಕುವ ಪ್ರಾಣಿ ಪಕ್ಷಿಗಳ ಮನೆ ಕೆಡವುವ ಕೆಲಸ. ಈ ಕೆಲಸ ನಡೆಯುತ್ತಿರುವುದು ಅವುಗಳ ಹೆಸರಿನಲ್ಲಿಯೇ.

ಕಳೆದ ದಸರಾ ರಜೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ತಂಡದ ಜೊತೆ ಕುದುರೆಮುಖ ಹತ್ತಿದೆ. ಒಂದೇ ದಿನದ ಚಾರಣ. ಮುಳ್ಳೋಡಿಯಿಂದ ಬೆಳಗಿನ ಜಾವ ಹೊರಟು, ಶಿಖರ ಮುಟ್ಟಿ, ಕತ್ತಲಾಗುವುದರೊಳಗೆ ಇಳಿಯಬೇಕು. ಶಿಖರದ ಎತ್ತರ 1,900 ಮೀಟರಿಗೆ ಸ್ವಲ್ಪ ಕಡಿಮೆ. 'ವನ್ಯಜೀವಿ ವೀಕ್ಷಣೆ ಮತ್ತು ಹಸಿರು ಸೇವೆ' ಎಂದು ತಂಡದವರು ವಾಟ್ಸಾಪಿನಲ್ಲಿ ಹಾಕಿದ್ದರು. ಹಸಿರು ಸೇವೆ ಅಂದರೆ ಏನು ಎಂಬುದು ಗೊತ್ತಾದದ್ದು ಜೀಪು ಇಳಿದ ಮೇಲೆ, ಒಬ್ಬ ಹುಡುಗನ ಬ್ಯಾಗಿನಿಂದ ಉಂಡೆಗಳು ಹೊರಬಂದಾಗ. ಜೂನ್ ತಿಂಗಳಲ್ಲಿ ಕಟ್ಟಿ ಉಳಿದಿದ್ದವು. ಒಡೆದು ನೋಡಿದೆ. ಒಂದರಲ್ಲಿ ಹುಣಸೆ, ಇನ್ನೊಂದರಲ್ಲಿ ಬೇವು, ಮತ್ತೊಂದರಲ್ಲಿ ಹೊಂಗೆ. ಬಯಲುಸೀಮೆಯ ಬಿಸಿಲಿನ ಮರಗಳನ್ನು ಮೋಡದೊಳಗೆ ನೆಡಲು ಹೊರಟಿದ್ದೆವು.

ಮೊದಲ ಒಂದು ಗಂಟೆ ಎಲ್ಲರಿಗೂ ಖುಷಿ. ದಾರಿ ಒಮ್ಮೆ ತೋಟದ ಅಂಚು, ಒಮ್ಮೆ ಮರಗಳ ನಡುವೆ. ಹಳ್ಳ ದಾಟುವಾಗ ಎಲ್ಲಿಂದಲೋ ಮಲಬಾರ್ ವಿಸ್ಲಿಂಗ್ ಥ್ರಶ್‌ನ ಸಿಳ್ಳು. ಮನುಷ್ಯರೇ ಯಾರೋ ಸೋಮಾರಿಯಾಗಿ ಸಿಳ್ಳು ಹಾಕುತ್ತ ಹೋದಹಾಗೆ, ರಾಗ ಅರ್ಧಕ್ಕೆ ಮರೆತು ಮತ್ತೆ ಶುರುಮಾಡಿದ ಹಾಗೆ. ಉಂಬಳ ಹತ್ತಿದ್ದಕ್ಕೂ ನಗು. ಆಮೇಲೆ ಒಂಟಿಮರ ಬಂತು. ಈ ದಾರಿಯಲ್ಲಿ ಹೋದವರಿಗೆಲ್ಲ ಆ ಜಾಗ ಗೊತ್ತು. ಸುತ್ತ ಹುಲ್ಲು, ನಡುವೆ ಒಂದು ಮರ. ಎಲ್ಲರೂ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಅಲ್ಲಿಂದ ಮುಂದೆ ಹುಲ್ಲು, ಹುಲ್ಲು, ಹುಲ್ಲು. ಅರ್ಧ ಗಂಟೆಯಲ್ಲಿ ಗೊಣಗಾಟ ಶುರುವಾಯಿತು. "ಎಷ್ಟು ಬೋಳಾಗಿದೆ ನೋಡು, ಎಲ್ಲ ಕಡಿದುಬಿಟ್ಟಿದಾರೆ" ಅಂದಳೊಬ್ಬಳು. "ಪ್ರಾಣಿ ಎಲ್ಲಿಂದ ಬರ್ತವೆ, ಕಾಡೇ ಇಲ್ಲವಲ್ಲ" ಅಂದ ಇನ್ನೊಬ್ಬ. ಮರಕ್ಕೊಂದು ಹೆಸರಿಟ್ಟು ಒಂಟಿಮರ ಅಂದೆವು. ಅದರ ಸುತ್ತ ಕಣ್ಣು ಹಾಯುವಷ್ಟು ದೂರ ಹಬ್ಬಿದ್ದಕ್ಕೆ ನಮ್ಮ ಬಾಯಲ್ಲಿ ಬಂದದ್ದು 'ಬೋಳು' ಅನ್ನುವ ಒಂದೇ ಮಾತು.

ನನ್ನ ವಾದ ಶುರುವಾಗುವುದು ಈ ಮಾತಿನಿಂದಲೇ. ಬೋಳು ಅಂದರೆ ಮೊದಲು ಏನೋ ಇದ್ದು ಈಗ ಇಲ್ಲವಾಗಿದೆ ಎಂದರ್ಥ. ಬೋಳುತಲೆ, ಬೋಳುಮರ. ಹುಲ್ಲಿನ ಬೆಟ್ಟವನ್ನು ಬೋಳುಗುಡ್ಡ ಅಂದ ಕೂಡಲೇ ಒಂದು ಸುಳ್ಳು ಚರಿತ್ರೆಯನ್ನು ಹೇಳಿದಂತಾಯಿತು: ಇಲ್ಲಿ ಕಾಡಿತ್ತು, ಯಾರೋ ಕಡಿದರು, ನಾವು ತುಂಬಿಕೊಡಬೇಕು. ಈ ಚರಿತ್ರೆಗೆ ಆಧಾರ ಇಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುನೆಲದಲ್ಲಿ ಪದರಪದರವಾಗಿ ಕೂತಿದ್ದ ಕೊಳೆತ ಸಸ್ಯಗಳ ಮಣ್ಣನ್ನು ಅಗೆದು, ಅದರ ಇಂಗಾಲವನ್ನು ಪರೀಕ್ಷಿಸಿ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಉಷ್ಣವಲಯದ ಹೆಚ್ಚಿನ ಹುಲ್ಲುಗಳು ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಒಂದು, ಮರಗಳದ್ದು ಇನ್ನೊಂದು. ಸತ್ತು ಕೊಳೆತ ಮೇಲೂ ಆ ಗುರುತು ಮಣ್ಣಿನಲ್ಲಿ ಉಳಿಯುತ್ತದೆ. ಸುಮಾರು 20,000 ವರ್ಷ ಹಿಂದಿನ ಪದರದಲ್ಲಿ ಸಿಕ್ಕಿದ್ದು ಹುಲ್ಲಿನ ಗುರುತು. ಹವೆ ಬದಲಾದಂತೆ ಹುಲ್ಲು ಹಿಗ್ಗಿದೆ, ಕಾಡು ಹಿಗ್ಗಿದೆ, ಮತ್ತೆ ಹುಲ್ಲು ಹಿಗ್ಗಿದೆ. ಕೊಡಲಿ ಹಿಡಿದವನು ಆ ಬೆಟ್ಟಕ್ಕೆ ಬರುವುದಕ್ಕೂ ಎಷ್ಟೋ ಮೊದಲು ಅಲ್ಲಿ ಹುಲ್ಲಿತ್ತು.

ಅಷ್ಟು ದೂರ ಹೋಗುವುದು ಬೇಡ, ಕುದುರೆಮುಖದಲ್ಲೇ ನಿಂತು ಯೋಚಿಸಿ. ವರ್ಷಕ್ಕೆ 6,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ನಾಡು. ಬೆಟ್ಟದ ಮಡಿಕೆಗಳಲ್ಲಿ, ನೀರು ಹರಿಯುವ ಕೊರಕಲುಗಳಲ್ಲಿ ಶೋಲಾ ಕಾಡು ಒತ್ತಾಗಿ ನಿಂತಿದೆ. ಅದರ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಈಚೆ ಒಂದು ಹೆಜ್ಜೆ ಇಟ್ಟರೆ ಹುಲ್ಲು. ಆ ಕಾಡಿನ ಪಿಕಳಾರಗಳು, ಪುನುಗಿನ ಬೆಕ್ಕುಗಳು ಸಾವಿರಾರು ವರ್ಷಗಳಿಂದ ಪ್ರತಿದಿನ ಹಣ್ಣು ತಿಂದು ಬೀಜವನ್ನು ಹಿಕ್ಕೆಯ ಜೊತೆ ಹುಲ್ಲಿನ ಮೇಲೆ ಹಾಕುತ್ತಿವೆ. ನಮ್ಮ ಉಂಡೆಗಿಂತ ಒಳ್ಳೆಯ ಉಂಡೆ, ಆ ಮಣ್ಣಿನದೇ ಬೀಜ, ಗೊಬ್ಬರವೂ ಜೊತೆಗೇ. ಆದರೂ ಹುಲ್ಲು ಹುಲ್ಲಾಗಿಯೇ ಇದೆ. ಗಾಳಿಯ ಹೊಡೆತ, ಬಂಡೆಯ ಮೇಲಿನ ತೆಳುಮಣ್ಣು, ಇನ್ನೂ ಎತ್ತರದ ಕಡೆ ಚಳಿಗಾಲದ ಹಿಮ, ಆಗಾಗ ಬೀಳುವ ಬೆಂಕಿ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ವಿಜ್ಞಾನಿಗಳು ಜಗಳವಾಡುತ್ತಾರೆ, ಆಡಲಿ. ಬೀಜದ ಕೊರತೆಯಿಂದ ಹೀಗಾಗಿದೆ ಎಂದು ಮಾತ್ರ ಯಾರೂ ಹೇಳಿಲ್ಲ.

ಹಾಗಿರುವಾಗ ನಮ್ಮ ಉಂಡೆಗೆ ಎರಡೇ ದಾರಿ. ಒಳಗಿರುವುದು ಬೇವು, ಹುಣಸೆ, ನೇರಳೆ ಆಗಿದ್ದರೆ ಕೊಳೆಯುತ್ತದೆ ಅಥವಾ ಮೊಳೆತು ಸಾಯುತ್ತದೆ. ಒಂದು ದಿನದ ಶ್ರಮ ವ್ಯರ್ಥ, ಅಷ್ಟೇ. ಆ ಗಾಳಿ ಮಳೆಯನ್ನೂ ಗೆದ್ದು ನಿಲ್ಲುವ ಬೀಜ ಇದ್ದರೆ ಅದು ಹೆಚ್ಚುಕಡಿಮೆ ಹೊರಗಿನಿಂದ ಬಂದ ಹಟಮಾರಿ ಜಾತಿಯೇ ಆಗಿರುತ್ತದೆ: ಅಕೇಶಿಯಾ, ವ್ಯಾಟಲ್, ಸುಬಾಬುಲ್. ಅದು ಬೇರೂರಿದ ಮೇಲೆ ನಿಲ್ಲಿಸುವವರು ಯಾರು? ನಮ್ಮ ಸೇವೆ ಸೋತರೆ ಏನೂ ಆಗುವುದಿಲ್ಲ, ಗೆದ್ದರೇ ಅನಾಹುತ.

ಇದು ಊಹೆಯಲ್ಲ, ಪಕ್ಕದ ಬೆಟ್ಟಗಳಲ್ಲಿ ಆಗಿಹೋಗಿದೆ. 'ನೀಲಗಿರಿ' ಅಂದರೆ ನಿಮಗೆ ಮೊದಲು ನೆನಪಾಗುವುದು ಏನು? ಕರ್ನಾಟಕದ ಯಾವ ಹಳ್ಳಿಗೆ ಹೋಗಿ ಕೇಳಿದರೂ ಅದು ಒಂದು ಮರ. ಆಸ್ಟ್ರೇಲಿಯಾದ ಯೂಕಲಿಪ್ಟಸ್ ನಮ್ಮ ಭಾಷೆಯಲ್ಲಿ ಒಂದು ಪರ್ವತದ ಹೆಸರನ್ನೇ ಹೊತ್ತುಕೊಂಡಿದೆ. ಆ ಪರ್ವತದಲ್ಲಿ ಬಡಗರಿದ್ದಾರೆ, ಅವರ ಮಾತು ಕನ್ನಡಕ್ಕೆ ಅಕ್ಕತಂಗಿ. 2,637 ಮೀಟರಿನ ಅದರ ತುತ್ತತುದಿಯ ಹೆಸರು ದೊಡ್ಡಬೆಟ್ಟ. ಕನ್ನಡದವರಿಗೆ ಅರ್ಥ ಹೇಳಿಕೊಡಬೇಕಿಲ್ಲ. ಅಂಥ ಬೆಟ್ಟಕ್ಕೆ 19ನೇ ಶತಮಾನದ ನಡುಭಾಗದಲ್ಲಿ ಬ್ರಿಟಿಷರು ಸೌದೆಗೆಂದು ಯೂಕಲಿಪ್ಟಸ್, ವ್ಯಾಟಲ್ ತಂದು ನೆಟ್ಟರು. ಹುಲ್ಲನ್ನು ಅವರು ಕರೆದದ್ದು ಪಾಳು ಎಂದು. ಸ್ವಾತಂತ್ರ್ಯ ಬಂದಮೇಲೆ ನಮ್ಮವರು ಅದೇ ಕೆಲಸವನ್ನು ಇನ್ನಷ್ಟು ದೊಡ್ಡದಾಗಿ ಮುಂದುವರಿಸಿದರು. ಪಲ್ಪಿಗೆ, ರೇಯಾನಿಗೆ, ಚರ್ಮ ಹದಮಾಡುವ ತೊಗಟೆಗೆ. ಮರ ಪರ್ವತದ ಹೆಸರು ತೆಗೆದುಕೊಂಡಿತು, ಪರ್ವತದ ಹುಲ್ಲನ್ನೂ ತೆಗೆದುಕೊಂಡಿತು. ದಕ್ಷಿಣಕ್ಕಿರುವ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳೊಳಗೆ ಎತ್ತರದ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ನೆಡುತೋಪು ಮತ್ತು ಬೇಸಾಯಕ್ಕೆ ಹೋಯಿತೆಂದು ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದ ಸಂಶೋಧಕರು 2018ರಲ್ಲಿ ತೋರಿಸಿದರು.

ಹೋದದ್ದು ಹುಲ್ಲು ಮಾತ್ರವಲ್ಲ. ತಮಿಳರು ವರೈಯಾಡು ಅನ್ನುವ ನೀಲಗಿರಿ ಥಾರ್ ಎಂಬ ಕಾಡಾಡು ಬದುಕುವುದು ಇಂಥ ಹುಲ್ಲು ಮತ್ತು ಅದರಂಚಿನ ಕಡಿದಾದ ಬಂಡೆಗಳಲ್ಲಿ. ಜಗತ್ತಿನಲ್ಲಿ ಪಶ್ಚಿಮ ಘಟ್ಟದ ತಮಿಳುನಾಡು, ಕೇರಳದ ಭಾಗ ಬಿಟ್ಟರೆ ಇನ್ನೆಲ್ಲೂ ಇಲ್ಲ. ಮೇಯುತ್ತ ಮೇಯುತ್ತ ಅಪಾಯ ಕಂಡರೆ ಬಂಡೆಗೆ ಓಡುತ್ತದೆ. ಆ ಹುಲ್ಲಿನಲ್ಲಿ ವ್ಯಾಟಲ್ ಎದ್ದರೆ ಅದಕ್ಕೆ ಮೇವೂ ಇಲ್ಲ, ದೂರದಿಂದ ಚಿರತೆಯನ್ನು ಕಾಣುವ ನೋಟವೂ ಇಲ್ಲ. ನೀಲಗಿರಿ ಪಿಪಿಟ್ ಎಂಬ ಕಂದು ಬಣ್ಣದ ಸಣ್ಣ ಹಕ್ಕಿ ನೆಲದ ಮೇಲೆ, ಹುಲ್ಲಿನ ಬುಡದಲ್ಲಿ ಗೂಡು ಮಾಡುತ್ತದೆ. ಅದನ್ನು 'ಇಲ್ಲೊಂದು ಮರ ಬೆಳೆಸಿದ್ದೇವೆ, ಮೇಲೆ ಹೋಗಿ ಕೂರು' ಅನ್ನಲಾದೀತೆ? ಇಂದು ಸರ್ಕಾರದ ಹಣದಲ್ಲಿಯೇ ಅಲ್ಲಿನ ವ್ಯಾಟಲ್ ಕೀಳಿಸುತ್ತಿದ್ದಾರೆ. ಒಂದು ಗಿಡ ಕಿತ್ತರೆ ಮಣ್ಣಿನಲ್ಲಿ ಮಲಗಿದ್ದ ಬೀಜಗಳಿಂದ ಹತ್ತು ಏಳುತ್ತವೆ. ನೂರೈವತ್ತು ವರ್ಷದ ಹಸಿರು ಸೇವೆಯನ್ನು ಬಗ್ಗಿ ಬಗ್ಗಿ ಕೀಳುವ ಕೂಲಿಯವರ ಬೆನ್ನಿಗೆ ಇದರ ಬೆಲೆ ಗೊತ್ತು.

ಮತ್ತೆ ಕುದುರೆಮುಖಕ್ಕೆ ಬರುತ್ತೇನೆ. ನಮ್ಮ ಗೈಡ್ ಕೆಳಗಿನ ಹಳ್ಳಿಯವರು, ಐವತ್ತರ ಆಸುಪಾಸು. ಎರಡನೇ ಹಳ್ಳ ದಾಟಿ ಕೂತಾಗ ನಾನು ಬೈನಾಕ್ಯುಲರ್ ತೆಗೆದೆ. ಎದುರು ಇಳಿಜಾರಿನ ಮೇಲೆ, ಗಾಳಿಗೆ ಎದುರಾಗಿ, ಕೆಸ್ಟ್ರೆಲ್ ಎಂಬ ಸಣ್ಣ ಚಾಣ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತಿತ್ತು. ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿ. ತಲೆ ಕದಲುವುದಿಲ್ಲ, ಮೈಯೆಲ್ಲ ಕದಲುತ್ತದೆ. ಹುಲ್ಲಿನಲ್ಲಿ ಇಲಿಯೋ ಮಿಡತೆಯೋ ಅಲುಗಾಡುವುದನ್ನು ನೋಡುತ್ತಿತ್ತು. ಮರಗಳಿದ್ದರೆ ಅದಕ್ಕೆ ಇಲ್ಲಿ ಏನು ಕೆಲಸ? ದಾರಿಯ ಪಕ್ಕದ ಹುಲ್ಲಿನಿಂದ ಒಂದು ಪಿಪಿಟ್ ಚಿಮ್ಮಿ ಎದ್ದು ಇಪ್ಪತ್ತು ಹೆಜ್ಜೆ ಆಚೆ ಮತ್ತೆ ಇಳಿದು ಮಾಯವಾಯಿತು. ಮಳೆಗಾಲದಲ್ಲಿ ಬಂದಿದ್ದರೆ, ಪಶ್ಚಿಮ ಘಟ್ಟದ ಎತ್ತರದ ಹುಲ್ಲನ್ನೇ ನಂಬಿದ ಅಗಲಬಾಲದ ಹುಲ್ಲುಹಕ್ಕಿ ಮೇಲೆ ಹಾರಿ ಹಾಡುತ್ತ ಇಳಿಯುವುದನ್ನೂ ಕಾಣಬಹುದಿತ್ತೇನೋ. ಹೆಚ್ಚಿನವರು ನೋಡಲಿಲ್ಲ. ಕಂದು ಹುಲ್ಲಿನಲ್ಲಿ ಕಂದು ಹಕ್ಕಿ, ಸ್ಟೇಟಸ್ಸಿಗೆ ಹಾಕಲು ಬರುವುದಿಲ್ಲ.

ಆಮೇಲೆ ಗೈಡ್ ಮೆತ್ತಗೆ, "ಮೇಡಂ, ಆ ಮಡಿಕೆಯ ಎಡಗಡೆ ನೋಡಿ" ಅಂದರು. ಬರಿಗಣ್ಣಿಗೆ ಕಪ್ಪು ಬಂಡೆಗಳಂತೆ ಕಂಡವು. ಬೈನಾಕ್ಯುಲರಿನಲ್ಲಿ ಬಂಡೆಗಳು ಬಾಲ ಅಲ್ಲಾಡಿಸಿದವು. ಕಾಟಿಗಳು. ಎಣಿಸಿದಷ್ಟು ಹನ್ನೊಂದು, ಅದರಲ್ಲಿ ಎರಡು ಕರು. ಶೋಲಾದ ಅಂಚಿನಿಂದ ಹೊರಬಂದು ಹುಲ್ಲಿನಲ್ಲಿ ಮೇಯುತ್ತ, ಬಿಸಿಲು ಏರಿದಂತೆ ಒಂದೊಂದಾಗಿ ಮತ್ತೆ ಕಾಡಿನೊಳಗೆ ಸರಿದವು. ಸುಮಾರು ಇಪ್ಪತ್ತು ನಿಮಿಷ. ನೆರಳಿಗೆ ಕಾಡು, ಊಟಕ್ಕೆ ಹುಲ್ಲು. ಆ ಪ್ರಾಣಿಗೆ ಎರಡೂ ಬೇಕು, ಒಂದರ ಪಕ್ಕ ಒಂದು ಬೇಕು. ಇಡೀ ದಿನದಲ್ಲಿ ನಾವು ಕಂಡ ದೊಡ್ಡ ಪ್ರಾಣಿ ಅವೇ, ಕಂಡದ್ದು 'ಬೋಳು' ಜಾಗದಲ್ಲಿ. ಒಳಗೆ, ದಟ್ಟ ಕಾಡಿನಲ್ಲಿ ನಡೆದ ಒಂದು ಗಂಟೆಯಲ್ಲಿ ಕಂಡದ್ದು ಉಂಬಳ. ಗೈಡ್ ಹೇಳಿದ ಮಾತು ನನ್ನ ನೋಟ್‌ಬುಕ್ಕಿನಲ್ಲಿದೆ: "ಮೇಲೆ ಹುಲ್ಲಿದ್ರೆ ಅವು ಮೇಲಿರ್ತವೆ. ಅಲ್ಲಿ ಹುಲ್ಲು ಹೋದ್ರೆ ನಮ್ ಗದ್ದೆಗೆ ಬರ್ತವೆ. ಆಗ ಪೇಪರ್‌ನಲ್ಲಿ ನಮ್ದೇ ತಪ್ಪು ಅಂತ ಬರೀತೀರಿ."

ಉಂಡೆಗಳ ಹುಡುಗನ ಜೊತೆ ಜಗಳವೇನೂ ಆಗಲಿಲ್ಲ. ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡ. ಕೊನೆಗೆ, "ಅಕ್ಕಾ, ನೂರರಲ್ಲಿ ಒಂದು ಗಿಡ ಬಂದ್ರೂ ಭೂಮಿಗೆ ಒಳ್ಳೇದೇ ಅಲ್ವಾ?" ಅಂದ. ಹೆಚ್ಚಿನ ಓದುಗರ ಪ್ರಶ್ನೆಯೂ ಇದೇ ಇರಬಹುದು. ಒಳ್ಳೆಯದು ಅಲ್ಲ. 'ಭೂಮಿ' ಅನ್ನುವುದು ಎಲ್ಲೆಡೆ ಒಂದೇ ಅಲ್ಲ, ಒಂದು ಕಡೆ ಉಪಕಾರ ಆದದ್ದು ಇನ್ನೊಂದು ಕಡೆ ಅತಿಕ್ರಮಣ. ನೀರಿನ ವಿಷಯವನ್ನೇ ತೆಗೆದುಕೊಳ್ಳಿ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನ ಗಂಗಾಮೂಲದ ಸೀಮೆಯಲ್ಲಿ. ನೀಲಗಿರಿಯಲ್ಲಿ ಸರ್ಕಾರಿ ವಿಜ್ಞಾನಿಗಳು ವರ್ಷಾನುಗಟ್ಟಲೆ ಅಳೆದು ನೋಡಿದ್ದಾರೆ: ಹುಲ್ಲಿನ ಕಣಿವೆಗೆ ಯೂಕಲಿಪ್ಟಸ್ ಹಾಕಿದ ಮೇಲೆ ಹೊಳೆಯಲ್ಲಿ ಹರಿಯುವ ನೀರು ಇಳಿಯಿತು. ಕರ್ನಾಟಕ ಸರ್ಕಾರವೇ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಮುಖ್ಯ ಕಾರಣ ನೀರು. ಒಂದು ಗಿಡ ಬಂದರೂ ಸಾಕು ಅನ್ನುವ ಹುಡುಗ ನಾಳೆ ಇಂಜಿನಿಯರೋ ಅಧಿಕಾರಿಯೋ ಆಗಿ ಹತ್ತು ಸಾವಿರ ಗಿಡಗಳ ಫೈಲಿಗೆ ಸಹಿ ಹಾಕುತ್ತಾನೆ. ಅದಕ್ಕೇ ಈ ಬಿಸಿಯೆಲ್ಲ.

ಏಕೆಂದರೆ ಫೈಲುಗಳೂ ಆ ಹುಡುಗನ ಹಾಗೆಯೇ ಯೋಚಿಸುತ್ತವೆ. ನಮ್ಮ ದೇಶದ ಅರಣ್ಯ ಸಮೀಕ್ಷೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ಮರಗಳ ನೆರಳು ನೆಲದ ಶೇ. 10ರಷ್ಟನ್ನು ಮುಚ್ಚಿದರೆ ಅದು ಅರಣ್ಯ ಹೊದಿಕೆ. ಯಾರ ಜಮೀನು, ಯಾವ ಮರ ಎಂದು ಕೇಳುವುದಿಲ್ಲ. ಅಕೇಶಿಯಾ ತೋಪು ಅರಣ್ಯವಾಗುತ್ತದೆ, ಕಾಫಿ ತೋಟವೂ ಆಗುತ್ತದೆ. ಹನ್ನೊಂದು ಕಾಟಿ ಮೇಯುತ್ತಿದ್ದ ಆ ಇಳಿಜಾರು ಆಗುವುದಿಲ್ಲ. ಅಲ್ಲಿ ಅಕೇಶಿಯಾ ನೆಟ್ಟು ಕಾಟಿಗಳನ್ನು ಓಡಿಸಿದರೆ ವರದಿಯಲ್ಲಿ ಅರಣ್ಯ ಹೆಚ್ಚಾಯಿತು ಎಂದು ಬರುತ್ತದೆ! ಇಂಥ ಲೆಕ್ಕ ಇಟ್ಟುಕೊಂಡು ಭಾರತ 2030ರೊಳಗೆ 260 ಲಕ್ಷ ಹೆಕ್ಟೇರ್ ನೆಲವನ್ನು ಸರಿಪಡಿಸುತ್ತೇವೆ ಎಂದು ಜಗತ್ತಿಗೆ ಮಾತು ಕೊಟ್ಟಿದೆ. ಅಷ್ಟು ನೆಲ ಎಲ್ಲಿಂದ ಹುಡುಕುತ್ತಾರೆ? ಯಾವುದನ್ನು ನಾವು ಬೋಳು ಎಂದು ಕರೆದಿದ್ದೇವೋ ಅಲ್ಲಿ ಮೊದಲು ಹುಡುಕುತ್ತಾರೆ.

ನನ್ನ ಸಂಶೋಧನೆ ಮಲೆನಾಡಿನ ಹಳೆಯ ಕಂದಾಯ ಕಾಗದಗಳಲ್ಲಿ ನೆಲವನ್ನು ಕರೆಯುವ ಪದಗಳ ಬಗ್ಗೆ. ಮೂರು ವರ್ಷದಿಂದ ಅದನ್ನೇ ಓದುತ್ತಿದ್ದೇನೆ. ಕಾನು, ಹಾಡಿ, ಬೆಟ್ಟ, ಬಾಣೆ, ಕಾವಲು, ಗೋಮಾಳ. ತೀರ್ಥಹಳ್ಳಿ ಕಡೆಯ ನನ್ನ ಅಜ್ಜಿ ಗುಡ್ಡದ ಮೇಲಿನ ಹುಲ್ಲಿಗೆ 'ಬ್ಯಾಣ' ಅನ್ನುತ್ತಿದ್ದರು. ಬ್ಯಾಣಕ್ಕೆ ದನ ಹೊಡೆಯುವುದು, ಬ್ಯಾಣದ ಹುಲ್ಲು ಕೊಯ್ಯುವುದು, ಬ್ಯಾಣಕ್ಕೆ ಬೆಂಕಿ ಬಿದ್ದರೆ ಊರೇ ಓಡುವುದು. ಆ ಮಾತಿನಲ್ಲಿ ಕೊರತೆಯಿಲ್ಲ, ಕಾಡು ಹೇಗೆ ಒಂದು ವಸ್ತುವೋ ಬ್ಯಾಣವೂ ಹಾಗೇ ಒಂದು ವಸ್ತು. 'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆ ಕಟ್ಟಿದವರೂ ಇಂಥ ಬೆಟ್ಟವನ್ನೇ ನೋಡಿದ್ದಿರಬೇಕು ಎಂದು ನನ್ನ ಗುಮಾನಿ. ಮರ ತುಂಬಿದ ಬೆಟ್ಟ ಎಷ್ಟು ದೂರದಿಂದಲೂ ನುಣ್ಣಗೆ ಕಾಣುವುದಿಲ್ಲ. (ನನ್ನ ಗೈಡ್, ಅಂದರೆ ಪಿಎಚ್.ಡಿ. ಗೈಡ್, ಇದನ್ನು ಒಪ್ಪುವುದಿಲ್ಲ.) ಈ ಪದಗಳೆಲ್ಲ ಪಹಣಿಯಲ್ಲಿ ಹೋಗಿ ಸೇರಿದ್ದು ಹೆಚ್ಚಾಗಿ 'ಖರಾಬು' ಅನ್ನುವ ಕಾಲಮ್ಮಿಗೆ. ಉಳಲು ಬಾರದ್ದು, ತೆರಿಗೆ ಹುಟ್ಟದ್ದು ಖರಾಬು, ಅಂದರೆ ಕೆಟ್ಟದ್ದು. ಕಂದಾಯದ ಗುಮಾಸ್ತನ ಕಣ್ಣು ಹಾಗೆ ನೋಡಿದ್ದು ಅರ್ಥವಾಗುತ್ತದೆ. ಪ್ರಕೃತಿಪ್ರೇಮಿಗಳೂ ಅದೇ ಕನ್ನಡಕ ಹಾಕಿಕೊಂಡಿರುವುದು ಹೇಗೆ?

ಇದರಲ್ಲಿ ನಮ್ಮ ಸಾಹಿತ್ಯದ ಓದಿಗೂ ಪಾಲಿದೆ ಎಂದರೆ ಈ ಪತ್ರಿಕೆಯ ಓದುಗರು ಸಿಟ್ಟಾಗಬಾರದು. ಮಲೆನಾಡಿನ ದೊಡ್ಡ ಬರಹಗಳು ನಮಗೆ ಕೊಟ್ಟದ್ದು ದಟ್ಟ, ಕತ್ತಲ, ಹಸಿಯಾದ ಕಾಡು. 'ಕರ್ವಾಲೊ' ಓದಿ ಹಾರುವ ಓತಿಯ ಕನಸು ಕಂಡು ಘಟ್ಟಕ್ಕೆ ಹೊರಟವರ ಸಾಲಿನಲ್ಲಿ ನಾನೂ ಇದ್ದೇನೆ. ಹಾರುವ ಓತಿಗೆ ಮರದಿಂದ ಮರ ಬೇಕು, ಅದು ಅದರ ಲೋಕ. ತೇಜಸ್ವಿಯವರ ಮೇಲೆ ನನ್ನ ತಕರಾರಿಲ್ಲ. ಒಂದು ಕಾದಂಬರಿಯ ಕಾಡನ್ನು ಎಲ್ಲ ಬೆಟ್ಟಕ್ಕೂ ಹೊದಿಸುವ ನಮ್ಮ ಮೇಲಿದೆ. 2022ರಲ್ಲಿ ಬಾಬಾಬುಡನ್‌ಗಿರಿ ಸಾಲಿನಲ್ಲಿ ಕುರಿಂಜಿ ಅರಳಿದಾಗ ಅದೇ ಹುಲ್ಲುಬೆಟ್ಟಕ್ಕೆ ಜನ ಮುಗಿಬಿದ್ದರು. ಹೂವು ಉದುರಿದ ಮೇಲೆ ಅದು ಮತ್ತೆ ಬೋಳು.

ಬೀಜದುಂಡೆಯನ್ನು ಜಗತ್ತಿನಲ್ಲೆಲ್ಲ ಜನಪ್ರಿಯಗೊಳಿಸಿದ ಜಪಾನಿನ ರೈತ ಮಸನೊಬು ಫುಕುವೋಕಾ ಅವರ ಪುಸ್ತಕವನ್ನು ಕನ್ನಡದಲ್ಲಿ ನಾವು ಓದಿದ್ದು 'ಒಂದು ಹುಲ್ಲಿನ ಕ್ರಾಂತಿ' ಎಂಬ ಹೆಸರಿನಲ್ಲಿ. ಅವರು ಮಣ್ಣುಂಡೆಯಲ್ಲಿ ಇಟ್ಟು ಗದ್ದೆಗೆ ಎರಚಿದ್ದು ಭತ್ತ. ಭತ್ತವೂ ಒಂದು ಹುಲ್ಲು. ಅವರ ಉಂಡೆಯನ್ನು ಹುಲ್ಲಿನ ಮೇಲೆಯೇ ಎಸೆಯುವಷ್ಟು ದೂರ ನಾವು ಬಂದಿದ್ದೇವೆ.

ಬೆಂಕಿಯ ಪ್ರಶ್ನೆ ಎತ್ತುವವರಿದ್ದಾರೆ: ಜನ ಬೆಂಕಿ ಹಾಕುವುದರಿಂದಲೇ ಹುಲ್ಲು ಉಳಿದಿದೆ, ಬಿಟ್ಟರೆ ಕಾಡಾಗುತ್ತದೆ ಎಂದು. ಕೆಲವು ಇಳಿಜಾರುಗಳಲ್ಲಿ ಶೋಲಾ ನಿಧಾನವಾಗಿ ಹರಡಬಹುದು. ಹರಡಲಿ, ಅದು ಕಾಡು ತಾನಾಗಿ ಮಾಡುವ ಕೆಲಸ, ಹುಲ್ಲಿಗೂ ಅದಕ್ಕೂ ಹಳೆಯ ವ್ಯವಹಾರ. ನಡುವೆ ನಾವು ಹುಣಸೆಬೀಜ ಹಿಡಿದು ಹೋಗುವುದಕ್ಕೆ ಅದು ಪರವಾನಗಿ ಆಗುವುದಿಲ್ಲ. ಬೇಸಿಗೆಯಲ್ಲಿ ಬೇಕೆಂದೇ ಇಡುವ ಬೆಂಕಿ ನೆಲದ ಗೂಡುಗಳನ್ನು ಸುಡುತ್ತದೆ, ಅದನ್ನು ತಡೆಯಬೇಕು. ಅದಕ್ಕೆ ಬೇಕಾದದ್ದು ಬೆಂಕಿರೇಖೆ ಕಾಯುವ ಜನ, ಅವರಿಗೆ ಹೊತ್ತಿಗೆ ಸಂಬಳ.

ಈ ಜೂನ್ ಹತ್ತಿರ ಬರುತ್ತಿದೆ. ಅದೇ ತಂಡದವರು ಮತ್ತೆ ವಾಟ್ಸಾಪಿನಲ್ಲಿ ಬೀಜ ಕೇಳುತ್ತಿದ್ದಾರೆ, ಈ ಸಲ ಒಂದು ಲಕ್ಷ ಉಂಡೆಯ ಗುರಿಯಂತೆ. ಹುಣಸೆ, ಬೇವು, ಹೊಂಗೆ ಮೂರಕ್ಕೂ ಜಾಗ ಇದೆ: ರಸ್ತೆ ಅಗಲ ಮಾಡಿ ಮರ ಉರುಳಿಸಿದ ನಮ್ಮ ನಮ್ಮ ಊರಿನ ಬೀದಿಗಳು, ಕೆರೆಯ ದಂಡೆಗಳು, ಕಾಲೇಜಿನ ಬಿಸಿಲು ಸುರಿಯುವ ಅಂಗಳ. ಅಲ್ಲಿ ಎಸೆದರೆ ಸಾಲದು, ಗುಂಡಿ ತೆಗೆದು ನೆಟ್ಟು ಎರಡು ಬೇಸಿಗೆ ನೀರು ಹೊರಬೇಕು, ಆಡು ತಿನ್ನದ ಹಾಗೆ ಮುಳ್ಳು ಕಟ್ಟಬೇಕು. ಹಾಗೆಂದು ಗುಂಪಿನಲ್ಲಿ ಬರೆದೆ. ಇಬ್ಬರು ಹೆಬ್ಬೆಟ್ಟು ಒತ್ತಿದರು. ಉಂಡೆಗಳ ಹುಡುಗ ಮಾತ್ರ ಬೇರೆ ಒಂದು ಪ್ರಶ್ನೆ ಕಳಿಸಿದ: ಆ ದಿನ ಹುಲ್ಲಿನಿಂದ ಎದ್ದು ಹಾರಿತಲ್ಲ ಅಕ್ಕಾ, ಆ ಹಕ್ಕಿಗೆ ಕನ್ನಡದಲ್ಲಿ ಏನಂತಾರೆ?